ನೂರರ ಡಬ್ಬಿ

ಮೀನೆಣ್ಣೆಯ ಬಣ್ಣ. ಅದಕ್ಕೇ ತ್ರಾನ್ ಎಂದು ಕರೆದೆವು,
ಹದಿನಾರು ವರ್ಷದ ಕೆಳಗೆ, ಬಂದರಿನ ಬಲೆರಾಶಿಯೊಳಗಿಂದ
ಎತ್ತಿಕೊಂಡು ಬಂದಾಗ. ಈಗ ಆ ಹಳದಿಗೂ ಹೊಳಪಿಲ್ಲ.
ಬೆನ್ನ ಮೇಲೆ ಕೈಯಾಡಿಸಿದರೆ ಮಣಿಸರ ಎಣಿಸಿದ ಹಾಗೆ.

ಎರಡು ತಿಂಗಳು ಸೂರ್ಯನಿಲ್ಲದ ಊರು ನಮ್ಮದು, ವಾರ್ಡೊ.
ಹಗಲು ಹನ್ನೊಂದಕ್ಕೆ ಒಂದಿಷ್ಟು ನೀಲಿ ಬರುತ್ತದೆ,
ಬಂದದ್ದೇ ತಪ್ಪಾಯಿತೆಂಬಂತೆ ಒಂದು ಗಂಟೆಗೆ ಹೋಗುತ್ತದೆ.
ಆ ಹೊತ್ತಿಗೇ ತಂಗಮಲರ್ ಬರುತ್ತಾಳೆ,
ಬೂಟಿನ ಹಿಮ ಬಾಗಿಲಲ್ಲೇ ಕೊಡವಿ.
ಮೀನು ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ
ಒಂದೇ ಬೆಲ್ಟಿನ ಆಚೆ ಈಚೆ ನಿಂತವರು ನಾವು;
ಜಾಫ್ನಾದಿಂದ ಬಂದವಳಿಗೆ ಕಾಡ್ ಮೀನಿನ ಮುಳ್ಳು
ಬಿಡಿಸುವುದನ್ನು ನಾನು ಕಲಿಸಿದೆ,
ಸಾರಿಗೆ ಹುಣಸೆ ಎಷ್ಟೆಂದು ಅವಳು ನನಗೆ.
ಈಗ ಅವಳು ಹಿಡಿಯುತ್ತಾಳೆ, ನಾನು ಚುಚ್ಚುತ್ತೇನೆ.

ಸಲೈನಿನ ಚೀಲ ಬಿಸಿನೀರ ಬೋಗುಣಿಯಲ್ಲಿ ಬೆಚ್ಚಗಾಗುತ್ತಿರುತ್ತದೆ.
ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡುತ್ತಾಳೆ ಮಲರ್,
ಹಸುಗೂಸಿನ ಹಾಲು ನೋಡುವ ಹಾಗೆ.
ಆಮೇಲೆ ಅದು ತೊಲೆಯ ಕೊಕ್ಕೆಗೇರುತ್ತದೆ,
ಹಾಲ್ವರ್ಡನ ಮಳೆಕೋಟು ತೂಗುತ್ತಿದ್ದ ಕೊಕ್ಕೆ.
ಅವನು ಹೋದ ಮೇಲೆ ಖಾಲಿ ಬಿಟ್ಟಿದ್ದೆ.

ಭುಜಗಳ ನಡುವೆ ಚರ್ಮವನ್ನು ಡೇರೆಯಂತೆ ಎತ್ತಬೇಕು.
ಮೊದಲ ವಾರ ಈ ಕಡೆ ಹೊಕ್ಕ ಸೂಜಿ ಆ ಕಡೆ ಹೊರಟು
ನೀರೆಲ್ಲ ನನ್ನ ಮಡಿಲಿಗೆ.
"ಗುನ್ವೋರ್, ಕುಡಿಸಬೇಕಾದ್ದು ಬೆಕ್ಕಿಗೆ, ನಿನ್ನ ಲಂಗಕ್ಕಲ್ಲ."
ಲೆಕ್ಕವಿಲ್ಲದಷ್ಟು ಮೀನಿನ ಹೊಟ್ಟೆ ಸೀಳಿದ ಕೈ,
ಒಂದು ಸಲವೂ ನಡುಗದ ಕೈ,
ಇಷ್ಟೇ ಇಷ್ಟಕ್ಕೆ...
ನೂರು ಮಿಲಿ. ಹತ್ತು ನಿಮಿಷ.
ಬೆನ್ನ ಮೇಲೊಂದು ಡುಬ್ಬ ಏಳುತ್ತದೆ,
ಸಂಜೆಗೆ ಜಾರಿ ಮುಂಗಾಲಿಗಿಳಿಯುತ್ತದೆ.
ಆನೆಕಾಲು ಬಂತು ನಿನ್ನ ಬೆಕ್ಕಿಗೆ, ಅನ್ನುತ್ತಾಳೆ ಮಲರ್.

ಸುತ್ತ ಸಮುದ್ರ. ಕಿಟಕಿ ತೆರೆದರೆ ನಾಲಗೆಗೆ ಉಪ್ಪು.
ಇದಕ್ಕೆ ಎಷ್ಟು ಕುಡಿದರೂ ಬಾಯಾರಿಕೆ.
ರಾತ್ರಿ ಬಚ್ಚಲಲ್ಲಿ ನಲ್ಲಿಯ ಕೆಳಗೆ ಕೂತು
ಕಣ್ಣು ಮುಚ್ಚಿ ಕುಡಿಯುತ್ತದೆ, ಹಾಲೆಂದುಕೊಂಡೋ
ಲೋಕಕ್ಕೆ ಕಾಣುವುದಿಲ್ಲವೆಂದುಕೊಂಡೋ.
ನನಗೆ ಕಾಣುತ್ತದೆ. ಬೆಳಿಗ್ಗೆ ಮರಳಿನ ತಟ್ಟೆಯಲ್ಲಿ
ಉಂಡೆಗಳನ್ನು ಎಣಿಸುವವಳು ನಾನು.

ಮೀನು ಕೊಡಬಾರದಂತೆ! ಈ ಊರಿನಲ್ಲಿ,
ಒಗೆದ ಬಟ್ಟೆಗೂ ಮೀನು ನಾರುವ ಊರಿನಲ್ಲಿ.
ಮೂತ್ರಪಿಂಡದ ಪಥ್ಯವೆಂದು ಮರದ ಹೊಟ್ಟಿನಂಥ ಕಾಳು.
ಮೂಸಿ, ಸುತ್ತಲಿನ ನೆಲ ಕೆರೆದು ಹೋಗುತ್ತದೆ,
ತನ್ನ ಹೇಲು ಮುಚ್ಚುವ ಹಾಗೆ.

ನಿನ್ನೆ ವಾಡ್ಸೊದಿಂದ ಡಾಕ್ಟರ ಹುಡುಗಿಯ ಫೋನು.
ರಕ್ತದ ಅಂಕಿ ಓದಿದಳು, ನಿಧಾನವಾಗಿ, ಎರಡು ಸಲ.
ಆಮೇಲೆ ಕೇಳಿದಳು: ಸೂಜಿ ಮುಗಿದಿರಬೇಕಲ್ಲ,
ರಸ್ತೆ ಯಾವಾಗ ಮುಚ್ಚುತ್ತದೋ ಹೇಳುವಂತಿಲ್ಲ,
ಇಪ್ಪತ್ತೈದರ ಡಬ್ಬಿ ಕಳಿಸಲೋ, ನೂರರದ್ದೋ?
ನೂರರದ್ದು ಅಗ್ಗ ಬೀಳುತ್ತದೆ, ಅಂದಳು; ಅಂದು ಸುಮ್ಮನಾದಳು.
ಆ ಕಡೆ ಯಾರದೋ ನಾಯಿ ಬೊಗಳುತ್ತಿತ್ತು.
ದಿನಕ್ಕೊಂದರಂತೆ ನೂರೆಂದರೆ ಏಪ್ರಿಲ್ ಕೊನೆ,
ಕಡಲಹಕ್ಕಿಗಳು ಬಂಡೆಗೆ ಮರಳಿ
ರಾತ್ರಿಯೆಂಬುದು ಬರೀ ಹೆಸರಿಗೆ ಉಳಿಯುವ ಹೊತ್ತು.
ಮಲರ್ ಪಕ್ಕದಲ್ಲೇ ಇದ್ದಳು, ಬಾಯಿ ಹಾಕಲಿಲ್ಲ.
ಮುಂದಿನ ತಿಂಗಳ ಮಾತು ಅವಳು ಎಂದೂ ಆಡಿದವಳಲ್ಲ.
ನೂರರದ್ದೇ ಕಳಿಸಿ, ಅಂದೆ. ಉಳಿದರೆ.
ಉಳಿದರೆ ಏನೆಂದು ಹೇಳಲಿಲ್ಲ.

ಇವತ್ತು ಮಧ್ಯಾಹ್ನ ಕೋಟೆಯಲ್ಲಿ ತೋಪು ಹಾರಿತು:
ಸೂರ್ಯ ಪೂರ್ತಿ ದುಂಡಗೆ ಕಂಡನೆಂದು ಲೆಕ್ಕ. ಶಾಲೆಗೆ ರಜ.
ಕಿವುಡು ತ್ರಾನ್ ಬೆಚ್ಚಲಿಲ್ಲ.
ಮೇಜಿನ ಮೇಲೆ ಬಿದ್ದ ಅಂಗೈಯಗಲದ ಬಿಸಿಲಿಗೆ
ಮೂಳೆಗಳನ್ನೆಲ್ಲ ಒಟ್ಟು ಮಾಡಿಕೊಂಡು ಹೋಗಿ ಕೂತಿತು.
ಮಲರ್ ತಂದ ಮೀನು ಒಲೆಯ ಮೇಲಿತ್ತು.
ಹುಣಸೆ ಹಿಂಡುವ ಮೊದಲು, ಉಪ್ಪು ಹಾಕುವ ಮೊದಲು
ಉಗುರಿನಷ್ಟು ತುಂಡು ಮುರಿದು, ಊದಿ ಆರಿಸಿ,
ನನ್ನತ್ತ ನೋಡದೆ ಬಾಗಿದಳು.
ನಾನು ಕಿಟಕಿಯ ಕಡೆ ತಿರುಗಿ
ಕಣ್ಣು ಮುಚ್ಚಿಕೊಂಡೆ.
ಉಪ್ಪುಕಾಗದದಂಥ ನಾಲಗೆ ಅವಳ ಬೆರಳುಜ್ಜುವ ಸದ್ದು
ತುಣುಕು ಮುಗಿದ ಮೇಲೂ ಕೇಳುತ್ತಿತ್ತು.