ಎಡದ ಕಟ್ಟು

ಇಬಾದಾನಿನ ಈ ಕೆಮ್ಮಿನ ಸಿರಪ್ಪಿನ ಕಾರ್ಖಾನೆಯಲ್ಲಿ
ಅರ್ಜಿ ವಿಂಗಡಿಸುವುದು ನನ್ನ ಕೆಲಸ.
ಬಲಕ್ಕೆ ಯೂನಿವರ್ಸಿಟಿ, ಎಡಕ್ಕೆ ಪಾಲಿಟೆಕ್ನಿಕ್.
ಹೆಸರು ಓದಬಾರದೆಂದೇನಿಲ್ಲ,
ಓದಲು ಹೊತ್ತಿಲ್ಲ ಅಷ್ಟೆ.
ಇನ್ನೂರ ಹನ್ನೊಂದು ಅರ್ಜಿ, ಖಾಲಿ ಇರುವುದು ಎರಡೇ ಜಾಗ,
ರಾತ್ರಿ ಪಾಳಿಯ ಮೇಲ್ವಿಚಾರಕರದು.
ಸಂಜೆ ನಾಲ್ಕಕ್ಕೆ ಒಕ್ಪಾರಾ ಸಾಹೇಬರ ಮೇಜಿಗೆ ಹೋಗಬೇಕು
ಬಲದ್ದು ಮಾತ್ರ.

ಎಡದ್ದಕ್ಕೆ ದಾರ ಬಿಗಿದು
ಕಪಾಟಿನ ಕೆಳಗಿನ ಖಾನೆಗೆ ತಳ್ಳುತ್ತೇನೆ.
ಅಲ್ಲಿ ಹೋದ ವರ್ಷದ್ದೂ ಇವೆ, ಅದರ ಹಿಂದಿನದ್ದೂ.
ಒಂದರ ಅಂಚನ್ನು ಇಲಿ ತಿಂದಿದೆ.
ಇಲಿಗೆ ಡಿಗ್ರಿ ಡಿಪ್ಲೊಮಾ ಎಂಬ ಭೇದವಿಲ್ಲ ಎನ್ನೋಣವೆಂದರೆ
ಬಲದ ಕಟ್ಟು ಅದರ ಬಾಯಿಗೆ ಸಿಕ್ಕಿದ್ದೇ ಇಲ್ಲ.

"ಇಬ್ಬರೂ ನಾಲ್ಕು ನಾಲ್ಕು ವರ್ಷ ಓದಿದವರೇ ಅಲ್ಲವೆ ಸಾರ್?"
ಸೇರಿದ ಹೊಸತರಲ್ಲಿ ಒಮ್ಮೆ ಕೇಳಿದ್ದೆ.
ಸಾಹೇಬರು ಕೆಟ್ಟವರಲ್ಲ. ಕರಿದ ಬಾಳೆಯ ಪೊಟ್ಟಣ ನನ್ನತ್ತ ನೂಕಿ
"ಮೊರೆನಿಕೆ, ಪಾಲಿಟೆಕ್ನಿಕ್ಕಿನವನು ಯಂತ್ರ ನಡೆಸುತ್ತಾನೆ,
ಯೂನಿವರ್ಸಿಟಿಯವನು ಅವನನ್ನು ನಡೆಸುತ್ತಾನೆ" ಅಂದರು.
ಆ ಮಾತು ಅವರಿಗೂ ಯಾರೋ ಹೇಳಿಕೊಟ್ಟಿದ್ದಿರಬೇಕು,
ಬಾಯಿಪಾಠದ ಹಾಗಿತ್ತು.

ಇವತ್ತು ಬಾಮಿತಾಲೆ ಅಡೆಗೊರೊಯೆ ಎಂಬವನದು ಬಂತು.
ಪಾಲಿಟೆಕ್ನಿಕ್, ಕೆಮಿಕಲ್ ವಿಭಾಗ, ಮೇಲ್ದರ್ಜೆ.
ಹಿಂದೆ ಪಿನ್ನು ಚುಚ್ಚಿದ ಹದಿನಾಲ್ಕು ಹಾಳೆ, ಯಾರೂ ಕೇಳದ್ದು:
ಯಾವುದೋ ಸೋಪಿನ ಕಾರ್ಖಾನೆಯ ಬಾಯ್ಲರ್ ಪುಸ್ತಕದ ನಕಲು.
ರಾತ್ರಿ ಎರಡು: ಒತ್ತಡ ಸರಿ.
ಮೂರು: ಒತ್ತಡ ಸರಿ.
ಮೂರೂಕಾಲು: ಕವಾಟ ಬಿಸಿ. ಉರಿ ತಗ್ಗಿಸಿದೆ. ಯಾರನ್ನೂ ಎಬ್ಬಿಸಲಿಲ್ಲ.
ನಾಲ್ಕು: ಒತ್ತಡ ಸರಿ.
ನಮ್ಮ ಫಾರಮ್ಮಿನಲ್ಲಿ ಇದಕ್ಕೆ ಕಾಲಮ್ಮಿಲ್ಲ.

ಓದುತ್ತ ಕೂತೆ. ಕರೆಂಟು ಹೋಯಿತು,
ಕಿಟಕಿಯ ಬಳಿ ನಿಂತು ಓದಿದೆ.
ವಾಪಸು ಬಂದು ಅದನ್ನು ಬಲಕ್ಕಿಟ್ಟೆ.
ನಡುವಿಗೆ. ಮೇಲಿಡುವಷ್ಟು ಧೈರ್ಯ ನನಗಿಲ್ಲ.

ಸಾಹೇಬರು ಓದಲಿಲ್ಲ, ಅವರ ತೋರುಬೆರಳು ಓದಿತು.
ಪ್ರತಿ ಅರ್ಜಿಯ ಮೂರನೆಯ ಸಾಲಿಗಿಳಿದು
ಮುಂದಕ್ಕೆ, ಮುಂದಕ್ಕೆ,
ನಿಂತಿತು.
"ಇದು ತಪ್ಪಿ ಬಂದಿದೆ."
ಹೌದು ಸಾರ್, ಅಂದೆ.

ಹೌದು ಸಾರ್ ಅಂದವಳ ಡಿಪ್ಲೊಮಾ
ಅಮ್ಮನ ಬೈಬಲಿನೊಳಗೆ ಮಡಚಿ ಕೂತಿದೆ.
ಅದೇ ಪಾಲಿಟೆಕ್ನಿಕ್ಕು, ಎಂಟು ವರ್ಷದ ಹಿಂದೆ.
ಸಾಲ ಮಾಡಿ, ಶನಿವಾರದ ತರಗತಿಗೆ ಅಲೆದು
ಅದರ ಮೇಲೊಂದು ಡಿಗ್ರಿ ಹೊದಿಸಿದೆ,
ಆಮೇಲೆ ಈ ಬಾಗಿಲು ತೆರೆಯಿತು.
ಕಲಿಸಿದವರಲ್ಲಿ ಇಬ್ಬರು ಹಳೆಯ ಮೇಷ್ಟರುಗಳೇ,
ಶನಿವಾರಕ್ಕೆ ಬೇರೆ ಕೋಟು.

ಎಡದ ಕಟ್ಟಿಗೆ ದಾರ ಬಿಗಿಯುವ ಮುಂಚೆ
ಆ ಹದಿನಾಲ್ಕು ಹಾಳೆ ಬಿಡಿಸಿ ನನ್ನ ಚೀಲಕ್ಕೆ ಹಾಕಿಕೊಂಡೆ.
ಯಾಕೆ ಅಂತ ಗೊತ್ತಿಲ್ಲ. ಇಲಿಗೆ ಸಿಗದಿರಲಿ ಅಂತಿರಬಹುದು.
ವ್ಯಾನು ಮೊಕೋಲಾ ದಾಟಿದ ಮೇಲೆ ತೆಗೆದು ನೋಡಿದರೆ
ಕೊನೆಯ ಹಾಳೆಯ ಕೊನೆಗೆ:
ಬೆಳಗಿನ ಆರು. ಒತ್ತಡ ಸರಿ. ಪಾಳಿ ಒಪ್ಪಿಸಿದ್ದೇನೆ.
ಅದರ ಕೆಳಗೆ, ವಹಿಸಿಕೊಂಡವರ ಸಹಿ ಎಂದು ಅಚ್ಚಾದಲ್ಲಿ
ಒಂದು ಗೆರೆ.