ಉರುಫ್

ತಾಲ್ಲೂಕು ಕಚೇರಿಯ ಎದುರು, ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ
ನನ್ನದೊಂದು ಮೇಜು, ಬೆನ್ನಿಲ್ಲದ ಸ್ಟೂಲು.
ಮೂಡಿಗೆರೆಯ ಅರ್ಧ ಜನದ ಹೆಸರು ತಿದ್ದಿದವಳು ನಾನೇ.
ಆಧಾರಿನಲ್ಲಿ ಲಕ್ಕಪ್ಪ, ಪಹಣಿಯಲ್ಲಿ ಲಕ್ಷ್ಮಣಗೌಡ,
ಈ ಎರಡೂ ಹೆಸರಿನ ಆಸಾಮಿ ನಾನೊಬ್ಬನೇ ಎಂದು
ಈ ಮೂಲಕ ಪ್ರಮಾಣೀಕರಿಸುತ್ತೇನೆ...
ದಿನಕ್ಕೆ ಹತ್ತು ಸಲ, ನೋಡದೆ ಹೊಡೆಯುತ್ತೇನೆ,
ಬೆರಳಿಗೆ ಬಾಯಿಪಾಠ.
ಬಿನ್, ಕೋಂ, ಉರುಫ್:
ಊರೆಲ್ಲ ಈ ಮೂರು ಗೂಟಕ್ಕೆ ಕಟ್ಟಿಕೊಂಡಿದೆ.

ನನ್ನದನ್ನು ಮಾತ್ರ ತಿದ್ದಿಕೊಂಡಿಲ್ಲ.
ಮೂರು ಕೂಸು ಹೋದ ಮೇಲೆ ಹುಟ್ಟಿದವಳೆಂದು
ಅಜ್ಜಿ ಇಟ್ಟದ್ದು ಕಲ್ಲಮ್ಮ.
ಸಾವು ಹೆಸರು ಕೇಳಿಕೊಂಡು ಬಂದರೂ
ಕಲ್ಲನ್ನೇನು ಮಾಡೋದು ಅಂತ ತಿರುಗಿ ಹೋಗಲಿ.
ಶಾಲೆಯಲ್ಲಿ ಹೆಡ್‌ಮಾಸ್ತರು ನಕ್ಕು
ಒಂದೇ ಒತ್ತು ಬದಲಿಸಿ ಕಲ್ಪನಾ ಮಾಡಿದರು,
ಕಲ್ಲು ಗಾಳಿಯಾಯಿತು.
ಮದುವೆಯಾದ ಮನೆಯಲ್ಲಿ ಆ ಹೆಸರಿನ ನಾದಿನಿ ಇದ್ದಳು;
ಅಕ್ಕಿಯ ಮೇಲೆ ಉಂಗುರದಲ್ಲಿ ಸುಮಿತ್ರಾ ಎಂದು ಬರೆಸಿದರು.
ಆ ಮನೆ ಬಿಟ್ಟು ಬಂದೆ. ರೇಷನ್ ಕಾರ್ಡು ಬಿಡಲಿಲ್ಲ.

ಫೆಬ್ರವರಿಯಲ್ಲೊಮ್ಮೆ, ಎರಡನೇ ಶನಿವಾರವೆಂದು ಮರೆತು
ಬುತ್ತಿ ಕಟ್ಟಿಕೊಂಡು ಹೋದರೆ ಕಚೇರಿಗೆ ಬೀಗ.
ಬೈರಾಪುರದ ಬಸ್ಸು ಖಾಲಿ ನಿಂತಿತ್ತು. ಹತ್ತಿದೆ.
ಯಾಕೆ ಎಂದರೆ ಅಫಿಡವಿಟ್ ಮಾಡಿಕೊಡಲಾರೆ.

ಅರಣ್ಯದವರ ಗೇಟಿನಲ್ಲಿ ಹುಡುಗನೊಬ್ಬ
ಉದ್ದನೆಯ ಪುಸ್ತಕ ತಿರುಗಿಸಿ ಇಟ್ಟ.
ಹೆಸರು, ಊರು, ಎಷ್ಟು ಜನ, ವಾಪಸು ಬಂದ ಸಮಯ.
ಎಷ್ಟು ಜನಕ್ಕೆ ಒಂದು ಅಂತ ಹಾಕಿದೆ.
ಹೆಸರಿನ ಮನೆಗೆ ಪೆನ್ನು ಹೋಗಲಿಲ್ಲ.
‘ಬರುವಾಗ ಬರೀತೀನಪ್ಪ.’
ಅವನು ನನ್ನ ಹವಾಯಿ ಚಪ್ಪಲಿ ನೋಡಿ
‘ಅರ್ಧಕ್ಕೇ ಬರ್ತೀರ ಬಿಡಿ’ ಅಂದ.

ಕಾಡಿನ ನೆರಳು ಮುಗಿದಲ್ಲಿ ಹುಲ್ಲು.
ಒಣಗಿ ಎತ್ತಿನ ಮೈಬಣ್ಣಕ್ಕೆ ತಿರುಗಿದ ಹುಲ್ಲು,
ಗಾಳಿ ಸವರಿದ ಕಡೆ ಥರಥರ,
ನೊಣ ಕೂತರೆ ಎತ್ತು ಚರ್ಮ ಅಲುಗಿಸುವಂತೆ.
ಎತ್ತಿನ ಭುಜ ಅಂದವರು ಸುಮ್ಮನೆ ಅಂದಿಲ್ಲ.
ನನ್ನದೂ ಒಂದು ಭುಜ ಇದೆಯೆಂದು ನೆನಪಾಯಿತು,
ಕೀಲಿಮಣೆಗೆ ಬಾಗಿ ಬಾಗಿ
ಎಡಗಡೆಯದು ಬೆರಳಗಲ ಇಳಿದದ್ದು.
ನೊಗ ಕಾಣುವುದಿಲ್ಲ, ದಡ್ಡು ಕಟ್ಟಿದೆ.

ಕೊನೆಯ ಏರಿಗೆ ಕೈಯೂರಬೇಕು.
ಚಪ್ಪಲಿ ಕಳಚಿ ಸೆರಗಿಗೆ ಕಟ್ಟಿಕೊಂಡೆ.
ರೊಟ್ಟಿಹೆಂಚಿನಂತೆ ಕಾದ ಬಂಡೆಯನ್ನು
ಅಂಗೈ ಒಪ್ಪಿಕೊಂಡಿತು, ಅಂಗಾಲು ಬೈದುಕೊಂಡಿತು.
ಬಿರುಕಿನಲ್ಲಿ ಇರುವೆ ಸಾಲು.
ಯಾರೋ ಸುಣ್ಣದಲ್ಲಿ ಬರೆದಿದ್ದ ಜೋಡಿ ಹೆಸರನ್ನು
ಮಳೆ ತಿದ್ದಿತ್ತು, ಛಾಪಾ ಕಾಗದ ಕೇಳದೆ.

ಮೇಲೆ ಏನೂ ಇಲ್ಲ.
ಪಡುವಣಕ್ಕೆ ಘಟ್ಟ ಮಡಿಕೆ ಮಡಿಕೆಯಾಗಿ ಇಳಿದು
ಶಿಶಿಲದ ಕಡೆ ಮಂಜಿನಲ್ಲಿ ಮುಗಿಯುತ್ತದೆ.
ಬುತ್ತಿ ಬಿಚ್ಚಿದೆ. ಅಕ್ಕಿರೊಟ್ಟಿ, ಹುರುಳಿ ಚಟ್ನಿ.
ಹದ್ದೊಂದು ನನ್ನ ಎತ್ತರಕ್ಕೆ ತೇಲಿ ಬಂದು
ರೊಟ್ಟಿಯನ್ನಷ್ಟೇ ನೋಡಿ ಹೋಯಿತು.
ಆಮೇಲೆ ಎಷ್ಟು ಹೊತ್ತೋ.
ಬಂಡೆಗೆ ಬೆನ್ನು ಕೊಟ್ಟು ಕೂತಿದ್ದೆ,
ಬೆರಳುಗಳು ಮಡಿಲಲ್ಲಿ ಸುಮ್ಮನಿದ್ದವು,
ಗಾಳಿಯಲ್ಲಿ ಏನನ್ನೂ ಟೈಪು ಮಾಡದೆ.
ಯಾರೋ ಕರೆದ ಹಾಗಾಯಿತು.
ಯಾರೂ ಕರೆದಿರಲಿಲ್ಲ.
ಆದರೂ ‘ಓ’ ಅಂದೆ.

ಗೇಟಿನ ಹುಡುಗ ಪುಸ್ತಕ ಮುಚ್ಚುವುದರಲ್ಲಿದ್ದ.
ವಾಪಸು ಬಂದ ಸಮಯ, ನಾಲ್ಕೂ ಇಪ್ಪತ್ತು.
ಹೆಸರಿನ ಮನೆಯಲ್ಲಿ ಒತ್ತಿ ಬರೆದೆ,
ಲಕಾರಕ್ಕೆ ಲಕಾರದ್ದೇ ಒತ್ತು,
ಕೆಳಗಿನ ಹಾಳೆಗೂ ಅಚ್ಚು ಬೀಳುವ ಹಾಗೆ.
‘ಹಳೇ ಕಾಲದ್ ಹೆಸ್ರು, ಆಂಟಿ.’
‘ಹೂಂ ಮಾರಾಯ, ಬಹಳ ಹಳೇದು.’

ಸೋಮವಾರ ‘ಸುಮಿತ್ರಾ ಮೇಡಂ’ ಎಂದು ಕೂಗಿದರು.
ತಿರುಗಿದೆ. ತಿರುಗಬಾರದೆಂದೇನಿಲ್ಲ, ಕೆಲಸವಿತ್ತು.
ಹೆಬ್ಬೆರಳ ಬುಡದಲ್ಲಿ ಬಂಡೆ ಗೀರಿದ ಗಾಯ,
ಹೆಸರಿಗೂ ಹೆಸರಿಗೂ ನಡುವೆ
ಖಾಲಿ ಜಾಗ ಬಿಡಲು ಒತ್ತಿದಾಗೆಲ್ಲ
ಚುರ್ರೆನ್ನುತ್ತಿತ್ತು.