ಎರಡು ಬೆರಳಿನ ಅಂತರ

ರಾತ್ರಿ ಹನ್ನೆರಡೂವರೆ. ಗೊರಗುಂಟೆಪಾಳ್ಯದ ಮೇಲ್ಸೇತುವೆಗೆ
ಕೆಂಪು ಕೋನುಗಳ ಬೇಲಿ ಹಾಕಿ
ಆರೋಗ್ಯಸ್ವಾಮಿ ಲಾರಿಯನ್ನು ಮೊದಲ ಗೇರಿನಲ್ಲಿ
ಹೆಣದ ಹಿಂದೆ ನಡೆವವನ ಹಾಗೆ ನಡೆಸುತ್ತಾನೆ.
ನಾನು ಹಿಂದುಗಡೆ, ಬಗ್ಗಿ, ಟಾರ್ಚು ಹಿಡಿದು
ನೀರು ನೆಲಕ್ಕೆ ತಾಗುವ ಜಾಗವನ್ನೇ ನೋಡುತ್ತ.

ಪೀಣ್ಯದಲ್ಲಿ ಮೂವತ್ತೊಂದು ವರ್ಷ ಲೇತು ತಿರುಗಿಸಿದ ಕೈ ಇದು.
ಕಬ್ಬಿಣಕ್ಕೆ ಎಲ್ಲಿ ನೋವೆಂದು ಇದಕ್ಕೆ ಗೊತ್ತು.
ನೀರು ಹೊಸದು.

ನಾಝಲ್ಲಿನ ತುದಿಗೆ ಕಡಲೆಯಷ್ಟು ನೀಲಮಣಿ, ಅದರೊಳಗೆ
ರಾಗಿಕಾಳೂ ತೂರದ ತೂತು.
ನೀಲ ಎಲ್ಲರಿಗೂ ಆಗಿಬರಲ್ಲ ಅಂದಳು ಮನೆಯಾಕೆ,
ಮೂರು ದಿನ ದಿಂಬಿನಡಿ ಇಟ್ಟು ನೋಡಿ.
ಇಟ್ಟೆ. ಕೆಟ್ಟ ಕನಸು ಬೀಳಲಿಲ್ಲ.
ನಾಲ್ಕನೇ ದಿನ ಫಿಟ್ ಮಾಡಿದೆ.

ಮೊದಲ ರಾತ್ರಿ ಪಂಪಿಗೆ ಪೂರ್ತಿ ಜೋರು ಕೊಟ್ಟೆವು.
ಟೈರುಗಳು ವರ್ಷಗಟ್ಟಲೆ ಒರೆಸಿಬಿಟ್ಟ ಕರಿ,
ಆಯಿಲ್ಲು, ಅಳಿಸಿದ ಮೇಲೂ ಅಳಿಯದ ಜೀಬ್ರಾ ಪಟ್ಟೆ,
ಆ ಪಟ್ಟೆಯ ಕೆಳಗೆ ಇನ್ನೊಂದು ಹಳದಿ ಪಟ್ಟೆ
(ಅದು ನೇರ ಹೋಗಿ ತಡೆಗೋಡೆಗೆ ಮುಟ್ಟುತ್ತಿತ್ತು,
ಯಾವ ಕಾಲದಲ್ಲಿ ಯಾರು ಎಲ್ಲಿಗೆ ದಾಟಿದರೋ),
ಎಲ್ಲ ಹೋಯಿತು. ಜೊತೆಗೆ ಟಾರೂ.
ಜಲ್ಲಿ ಕಿತ್ತು ಹಾರಿ ನಂಬರ್ ಪ್ಲೇಟಿಗೆ ಬಡಿಯಿತು.

ಬೆಳಿಗ್ಗೆ ಇಂಜಿನಿಯರ್ ಶಫೀಕ್ ಮಂಡಿಯೂರಿ
ಗಾಯದ ಸುತ್ತ ಬೆರಳೊತ್ತಿ ನೋಡಿದರು, ಮಾತಾಡಲಿಲ್ಲ.
ಮಾತಾಡಿದ್ದು ಗುಡಿಸಲು ಬಂದ ಓಬಳಮ್ಮ, ಪೊರಕೆ ಊರಿ:
"ಮೊಕ ತೊಳಿಯೋಕೆ ಚರ್ಮ ಸುಲೀಬೇಕಾ ಮೇಸ್ತ್ರೀ?"

ಅಲ್ಲಿಂದ ನಾಲ್ಕು ತಿಂಗಳು ಅದೇ ಮಾತಿನ ಚಾಕರಿ.
ಒತ್ತಡ ಇಳಿಸಿದೆ. ನಾಝಲ್ಲುಗಳನ್ನು ಬುಗುರಿಯಂತೆ ತಿರುಗಿಸಿದೆ,
ಒಂದೇ ಕಡೆ ನಿಂತು ಕೊರೆಯದಿರಲೆಂದು.
ಉಬ್ಬುತಗ್ಗಿನಲ್ಲಿ ನೆಲಕ್ಕೂ ನೀಲಕ್ಕೂ ನಡುವೆ
ಎರಡೇ ಬೆರಳು ಅಂತರ ಉಳಿಯಬೇಕು, ಹೆಚ್ಚಲ್ಲ ಕಡಿಮೆಯಲ್ಲ;
ಅದಕ್ಕೆ ಗುಜರಿಯಿಂದ ತಂದದ್ದು
ಆಸ್ಪತ್ರೆಯ ಸ್ಟ್ರೆಚರಿನ ನಾಲ್ಕು ಚಕ್ರ.
ಜೋರು ಮಾಡುವುದನ್ನು ಒಂದೇ ವಾರದಲ್ಲಿ ಕಲಿತಿದ್ದೆ.
ತಡೆಯುವುದಕ್ಕೆ ಮೂರು ಸಲ ತಲೆ ಬದಲಾಯಿಸಿದೆ.
ಯಂತ್ರದ್ದು. ನನ್ನದೂ ಸ್ವಲ್ಪ.

ಸರಿಹೋಯಿತು ಅಂದುಕೊಂಡಾಗ ಏಪ್ರಿಲ್ ಬಂತು.

ಸೇತುವೆಯ ಕೊಳವೆಯಿಂದ ಕೆಳಗೆ
ನಾವು ತೊಳೆದ ಕಪ್ಪು ನೀರು ಧೋ ಎಂದು ಬೀಳುತ್ತಿತ್ತು.
ಟ್ಯಾಂಕರಿಗೆ ಕಾದು ಕಾದು ಸಾಕಾದ ಒಬ್ಬ ಹುಡುಗಿ
ಸಾಲು ಬಿಟ್ಟು ಬಂದು ನೀಲಿ ಬಿಂದಿಗೆ ಒಡ್ಡಿದಳು.
ಮೇಲಿಂದ ಬಗ್ಗಿ ಕೂಗಿದೆ: ಬೇಡಮ್ಮಾ, ಅದು ಚರಂಡಿ ನೀರು
ಸೋಸಿದ್ದು, ಮೇಲೆ ಟೈರಿನ ಮಸಿ ಬೇರೆ!
"ಗೊತ್ತು," ಅಂದಳು, ತಲೆ ಎತ್ತದೆ. "ಕಕ್ಕಸಿಗೆ."

ಪಂಪು ಆಫ್ ಮಾಡು ಅಂದೆ. ಆರೋಗ್ಯಸ್ವಾಮಿ
ಯಾಕೆ ಅಂತ ಕೇಳಲಿಲ್ಲ. ಬೀಡಿ ಹಚ್ಚಿದ.

ಈಗ ನಾಝಲ್ಲಿನ ಮೇಲೊಂದು ಮುಚ್ಚಳ ಕವುಚಿದೆ,
ಅಂಚಿಗೆ ರಬ್ಬರಿನ ಲಂಗ,
ಬಿದ್ದ ನೀರನ್ನು ಬಿದ್ದಲ್ಲೇ ಹೀರುವ ದಪ್ಪ ಪೈಪು.
ಲಾರಿಯ ಮೇಲೆ ಮೂರು ಕೋಣೆ: ಒಂದರಲ್ಲಿ ಮರಳು ಕೂರುತ್ತದೆ,
ಇನ್ನೊಂದರಲ್ಲಿ ಎಣ್ಣೆ ತೇಲುತ್ತದೆ,
ಮೂರನೆಯದರಿಂದ ಅದೇ ನೀರು ಮತ್ತೆ ಕೆಲಸಕ್ಕೆ.
ಐದು ಸಾವಿರ ಲೀಟರು ಒಯ್ದರೆ
ಮೂರು ಸಾವಿರದ ಎಂಟುನೂರು ವಾಪಸು.

ಬೆಳಕು ಹರಿಯುವ ಹೊತ್ತಿಗೆ ನೆಲ ಮುಟ್ಟಿ ನೋಡಿದೆ:
ಹಸುವಿನ ನಾಲಗೆಯಷ್ಟು ಒರಟು.
ಹಾಲಿನ ಸ್ಕೂಟರಿನವನೊಬ್ಬ ತಿರುವಿನಲ್ಲಿ ಬ್ರೇಕು ಹಾಕಿದ,
ನಿಂತ, ಮೂಗು ಒರೆಸಿಕೊಂಡು ಹೋದ.
ತಾನು ಬೀಳಲಿಲ್ಲವೆಂದು ಅವನಿಗೆ ಗೊತ್ತಾಗಲಿಲ್ಲ.
ಓಬಳಮ್ಮ ಚಪ್ಪಲಿ ಒತ್ತಿ ಜಾರಿಸಿ ನೋಡಿದಳು. ಜಾರಲಿಲ್ಲ.
"ಹೂಂ," ಅಂದು ಗುಡಿಸತೊಡಗಿದಳು.

ಶಫೀಕ್ ವರದಿ ಬರೆದುಕೊಂಡರು, ಕೈ ಕುಲುಕಿದರು.
ನಾನು ಇನ್ನೂ ಲಾರಿಯ ಕೆಳಗೇ ಇದ್ದೇನೆ, ಸ್ಪ್ಯಾನರು ಹಿಡಿದು.
ಸಾವಿರದ ಇನ್ನೂರು ಲೀಟರು
ಎಲ್ಲಿ ಸೋರುತ್ತಿದೆಯೋ
ಲೆಕ್ಕಕ್ಕೆ ಸಿಕ್ಕಿಲ್ಲ.